ಅಮ್ಮ ಇಳಿದ ಮೇಲೆ ಉಸಿರು ನೋಡಿ

ನಮ್ಮ ಮಡಕಶಿರಾ ಸೀಮೆಯಲ್ಲಿ ಮಗುವಿನ ಮೈಮೇಲೆ ದದ್ದು ಎದ್ದರೆ ಮನೆಯವರು ಮೊದಲು ಹುಡುಕುವುದು ಬೇವಿನ ಸೊಪ್ಪನ್ನು. ತೆಲುಗಿನವರು ‘ಅಮ್ಮವಾರು ಪೋಸಿಂದಿ’ ಅಂತಾರೆ, ನಾವು ‘ಅಮ್ಮ ಬಂದವ್ಳೆ’ ಅಂತೀವಿ. ಬಾಗಿಲಿಗೆ ಬೇವು, ಒಗ್ಗರಣೆ ಬಂದ್, ಹೊರಗಿನವರು ಒಳಗೆ ಬರುವ ಹಾಗಿಲ್ಲ. ಮೂರನೇ ನೀರು ಹಾಕಿ ಮೊಸರನ್ನದ ಎಡೆ ಇಟ್ಟರೆ ಅಮ್ಮ ಇಳಿದಳು ಎಂದು ಲೆಕ್ಕ.

ನನ್ನ ತಂಗಿಗೂ ಹೀಗೇ ಮೂರು ನೀರು ಹಾಕಿದ್ದರು. 1970ರ ದಶಕದ ಕೊನೆಯ ಮಾತು, ನಾನಾಗ ಎರಡನೇ ಕ್ಲಾಸು. ದದ್ದೆಲ್ಲ ಬಾಡಿ, ಮೈಯಿಂದ ತವುಡಿನ ಹಾಗೆ ಹೊಟ್ಟು ಉದುರುತ್ತಿತ್ತು. ಅಜ್ಜಿ ಕೇರಿಗೆಲ್ಲ ಮಜ್ಜಿಗೆ ಹಂಚಿದಳು. ಅವತ್ತು ರಾತ್ರಿಯೇ ಮಗು ಏದುಸಿರು ಬಿಡತೊಡಗಿತು, ಉಸಿರಿಗೊಮ್ಮೆ ಪಕ್ಕೆ ಒಳಕ್ಕೆ ಸೆಳೆಯುತ್ತಿತ್ತು. ಗಾಡಿ ಕಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ‘ಅಮ್ಮ ಕರಕೊಂಡು ಹೋದಳು’ ಅಂದರು. ಆ ತಾಯಿಯ ಮೇಲೆ ಇಲ್ಲದ ಅಪವಾದ ಹೊರಿಸಿದೆವು ಅಂತ ನನಗೆ ತಿಳಿಯಲು ಮೂವತ್ತು ವರ್ಷ ಹಿಡಿಯಿತು.

ಅದು ದಡಾರ. ಮೈಮೇಲೆ ಕಾಣುತ್ತೆ ಅಂತ ನಾವು ಅದನ್ನು ಚರ್ಮದ ಲೆಕ್ಕಕ್ಕೆ ಸೇರಿಸಿದ್ದೀವಿ. ಆದರೆ ಆ ವೈರಸ್ಸು ಒಳಗೆ ಬರುವುದು ಮೂಗು ಗಂಟಲಿನಿಂದ, ಹೊರಗೆ ಹೋಗುವುದು ಕೆಮ್ಮು ಸೀನಿನಿಂದ. ರೋಗಿ ಎದ್ದು ಹೋದ ಕೋಣೆಯ ಗಾಳಿಯಲ್ಲೂ 2 ಗಂಟೆ ಕಾಲ ಇರಬಲ್ಲದು. ಮೊದಲು ಜೋರು ಜ್ವರ, ಒಣಕೆಮ್ಮು, ನೆಗಡಿ, ನೀರು ಸುರಿಯುವ ಕೆಂಗಣ್ಣು. ದದ್ದು ಕಾಣುವುದು ಅದಾದ ಮೂರು ನಾಲ್ಕು ದಿನಕ್ಕೆ; ಕಿವಿಯ ಹಿಂದೆ, ಹಣೆಯ ಕೂದಲಂಚಿನಲ್ಲಿ ಶುರುವಾಗಿ ಮುಖ, ಎದೆ, ಕೈಕಾಲಿಗೆ ಇಳಿಯುತ್ತೆ. ದದ್ದು ಏಳುವ 4 ದಿನ ಮೊದಲೇ ಮಗು ರೋಗ ಹರಡುತ್ತಿರುತ್ತದೆ. ಹೊರಗಿನವರನ್ನು ತಡೆಯುವ ಹಿರಿಯರ ಕಟ್ಟಳೆ ದಡ್ಡತನವಲ್ಲ, ನಾನು ಅದನ್ನು ನಗೆಯಾಡುವುದಿಲ್ಲ. ಆದರೆ ಬೇವು ಕಟ್ಟುವ ಹೊತ್ತಿಗೆ ರೋಗ ಅಂಗನವಾಡಿ ಸುತ್ತಿ ಬಂದಿರುತ್ತದೆ.

ಇನ್ನೊಂದು ತೊಡಕು. ಪುಸ್ತಕದಲ್ಲಿ ‘ಕೆಂಪು ದದ್ದು’ ಎಂದು ಬರೆದಿರುತ್ತಾರೆ. ಬಿಸಿಲಲ್ಲಿ ಬೆಂದ ನಮ್ಮ ಕಪ್ಪು ಮೈಮೇಲೆ ಕೆಂಪು ಎಲ್ಲಿ ಕಂಡೀತು? ಮೈ ಇನ್ನಷ್ಟು ಕಪ್ಪಾದಂತೆ ಕಾಣುತ್ತದೆ, ಅಷ್ಟೇ. ಬೆಳಕಿಗೆ ಕರೆತಂದು ಕೈ ಆಡಿಸಿ ನೋಡಬೇಕು. ಬಾಯಿ ತೆರೆಸಿ ಕೆನ್ನೆಯ ಒಳಮೈ ನೋಡಬೇಕು. ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳು ದದ್ದಿಗಿಂತ ಮೊದಲೇ ಅಲ್ಲಿ ಬಂದಿರುತ್ತವೆ. ನ್ಯೂಯಾರ್ಕಿನ ಕಾಪ್ಲಿಕ್ ಎಂಬ ಡಾಕ್ಟರು 1896ರಲ್ಲೇ ಇದನ್ನು ಬರೆದಿಟ್ಟರು. ಎಲ್ಲ ಮಕ್ಕಳಲ್ಲೂ ಕಾಣಲೇಬೇಕೆಂದಿಲ್ಲ.

ದದ್ದು ತಾನಾಗಿ ಬಾಡುತ್ತದೆ, ಅದಕ್ಕೆ ಯಾರ ಔಷಧಿಯೂ ಬೇಡ. ದಡಾರದಲ್ಲಿ ಸಾಯುವ ಮಕ್ಕಳನ್ನು ಹೆಚ್ಚಾಗಿ ಕೊಲ್ಲುವುದು ನ್ಯುಮೋನಿಯಾ, ಆಮೇಲೆ ಭೇದಿ. ಒಣಕಲು ಮಕ್ಕಳಿಗೆ ಕಣ್ಣೂ ಹೋಗಬಹುದು. ಅದಕ್ಕೇ ಆಸ್ಪತ್ರೆಯಲ್ಲಿ ಎರಡು ದಿನ ಎರಡು ಸಲ ವಿಟಮಿನ್ ಎ ಕೊಡುವುದು. ‘ಅಮ್ಮ ಇದ್ದಾಗ ಆಸ್ಪತ್ರೆ ಕೂಡದು’ ಅಂತ ಕೂತು, ಕಣ್ಣಿಗೆ ಸೊಪ್ಪಿನ ರಸ ಹಿಂಡಿ, ಊಟ ಕಡಿಮೆ ಮಾಡಿದರೆ ಮಗುವಿನ ಗತಿ ಏನು? ಬೇವು ಕಟ್ಟಿ, ಬೇಡ ಅನ್ನೋದಿಲ್ಲ. ಪಕ್ಕೆ ಸೆಳೆದರೆ ಮಾತ್ರ ಮೂರನೇ ನೀರಿಗೆ ಕಾಯಬೇಡಿ.

ಈಗ ಗಡಿಯ ಮಾತು. ದಡಾರದ ಸೂಜಿ ಸರ್ಕಾರದ ಪಟ್ಟಿಗೆ ಸೇರಿದ್ದು 1985ರಲ್ಲಿ. ಈಗ ರುಬೆಲ್ಲಾ ಜತೆ ಸೇರಿಸಿ ಎರಡು ಸಲ ಹಾಕುತ್ತಾರೆ: 9 ತಿಂಗಳು ತುಂಬಿದ ಮೇಲೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. 2017ರ ದೊಡ್ಡ ಅಭಿಯಾನ ಕರ್ನಾಟಕದಲ್ಲಿ ಫೆಬ್ರವರಿಯಲ್ಲಿ ನಡೆದರೆ ಆಂಧ್ರಕ್ಕೆ ಬಂದದ್ದು ಆಗಸ್ಟಿನಲ್ಲಿ. ವೈರಸ್ಸಿಗೆ ಚೆಕ್‌ಪೋಸ್ಟ್ ಇಲ್ಲ. ರೇಷ್ಮೆಗೂಡು ಹಿಂದೂಪುರಕ್ಕೆ ಹೋಗುತ್ತೆ, ಹೆಣ್ಣುಮಕ್ಕಳು ಶಿರಾ, ಪಾವಗಡಕ್ಕೆ ಸೊಸೆಯಾಗಿ ಹೋಗುತ್ತಾರೆ. ಚೊಚ್ಚಲ ಬಾಣಂತನ ತವರಲ್ಲಿ, ಮೊದಲ ಸೂಜಿ ಈ ಕಡೆ. ಎರಡನೆಯದು ಆ ಕಡೆ.

ನನ್ನ ಮೊಮ್ಮಗನದೇ ಕೇಳಿ. ಗಂಡನ ಊರಲ್ಲಿ ‘ದಡಾರದ್ದು ಮೊದಲನೇದು ಆಗಿದೆಯಾ?’ ಅಂತ ಕೇಳಿದರು. ತೆಲುಗು ಮೀಡಿಯಂ ಓದಿದ ನನ್ನ ಮಗಳು ‘ಅದಿಲ್ಲ, ತಟ್ಟು ಸೂಜಿ ಆಗಿದೆ’ ಅಂದಳು. ತೆಲುಗಿನಲ್ಲಿ ದಡಾರಕ್ಕೆ ತಟ್ಟು ಅಂತಲೇ ಹೆಸರು. ಕಾರ್ಡೂ ತೆಲುಗಿನದು, ಅಲ್ಲಿ ಓದುವವರಿಲ್ಲ. ವಿಚಾರಿಸಿಕೊಂಡು ಬನ್ನಿ ಅಂತ ವಾಪಸು ಕಳಿಸಿದರು. ಎರಡು ತಿಂಗಳು ಹೋಯಿತು. ಎರಡು ಭಾಷೆಯಲ್ಲಿ ಪದ್ಯ ಕಟ್ಟುವ ನಾನು ಮಗಳಿಗೆ ಈ ಒಂದು ಪದ ಹೇಳಿಕೊಟ್ಟಿರಲಿಲ್ಲ.

ಅಗಳಿ, ರೊಳ್ಳ, ಅಮರಾಪುರಂ ಕಡೆಯ ಕಾರ್ಡುಗಳಲ್ಲಿ ಎರಡೂ ಭಾಷೆ ಅಚ್ಚಾಗಲಿ. ಶಿರಾ, ಪಾವಗಡದವರೂ ಹಾಗೇ ಮಾಡಲಿ. ಕಾರ್ಡು ಕಳೆದಿದ್ದರೆ, ಅನುಮಾನವಿದ್ದರೆ ಮಗುವನ್ನು ತಿರುಗಿ ಕಳಿಸದೆ ಸೂಜಿ ಹಾಕಲಿ. ಒಂದು ಹೆಚ್ಚಾದರೆ ತೊಂದರೆ ಇಲ್ಲ. ಅಲ್ಲಿತನಕ ಸೊಸೆಯಾಗಿ ಹೋಗುವ ಮಗಳ ಕಾರ್ಡಿನ ಮೇಲೆ ತಟ್ಟು ಅಂದರೆ ದಡಾರ ಅಂತ ಪೆನ್ನಿನಲ್ಲಿ ಬರೆದು, ಒಂದು ಜೆರಾಕ್ಸ್ ತವರಲ್ಲೇ ಇಟ್ಟುಕೊಳ್ಳಿ.