ಪಿಟೀಲು ಯಾರ ಕೈಗೆ?

ನಮ್ಮ ನೆರೆಯ ತಿರುಮಕೂಡಲು ನರಸೀಪುರದಲ್ಲಿ ಜನಿಸಿದ ಟಿ. ಚೌಡಯ್ಯನವರು ಪಿಟೀಲಿಗೆ ಏಳು ತಂತಿಗಳನ್ನು ಅಳವಡಿಸಿ ಅದರ ನಾದವನ್ನು ಹಿಗ್ಗಿಸಿದವರು. ಸಭೆಯ ಕೊನೆಯ ಸಾಲಿಗೂ ವಾದನ ಕೇಳಿಸಬೇಕೆಂಬುದು ಅವರ ಹಂಬಲ. ಅಂದಿನ ಕಛೇರಿಗಳಲ್ಲಿ ಪಿಟೀಲು ಬಹುಮಟ್ಟಿಗೆ ಗಂಡಸರ ವಾದ್ಯವಾಗಿತ್ತು. ಹೆಣ್ಣುಮಕ್ಕಳಿಗೆ ವೀಣೆಯೇ ಒಪ್ಪುವುದೆಂಬ ಭಾವನೆಯಿತ್ತು. ಮಹಿಳೆಯರ ಪಕ್ಕವಾದ್ಯವನ್ನು ಒಲ್ಲದ ವಿದ್ವಾಂಸರೂ ಇದ್ದರು. ಮದರಾಸಿನ ಸಂಗೀತ ಅಕಾಡೆಮಿಯ ‘ಸಂಗೀತ ಕಲಾನಿಧಿ’ ಗೌರವ ಚೌಡಯ್ಯನವರಿಗೆ ಸಂದದ್ದು 1957ರಲ್ಲಿ. ಪಿಟೀಲು ವಾದಕಿಯೊಬ್ಬರಿಗೆ, ಎ. ಕನ್ಯಾಕುಮಾರಿಯವರಿಗೆ, ಅದು ಮೊದಲ ಬಾರಿ ದೊರೆತದ್ದು 2016ರಲ್ಲಿ. ನಡುವೆ ಕಳೆದದ್ದು 59 ವರ್ಷ!

ಅನ್ಯರ ಸಭೆಗಳನ್ನು ಆಡಿಕೊಳ್ಳುವ ಮುನ್ನ ನಮ್ಮ ಧರ್ಮಸಭೆಯ ಕಥೆಯನ್ನೂ ನೆನೆಯಬೇಕು. 1703ರಲ್ಲಿ ಗುರುದೀಕ್ಷೆ ಪಡೆದ ಅಂತೋನಿಯೊ ವಿವಾಲ್ದಿ ಅದೇ ವರ್ಷ ವೆನಿಸ್ ನಗರದ ಪಿಯೆತಾ ಅನಾಥಾಲಯದಲ್ಲಿ ಹೆಣ್ಣುಮಕ್ಕಳಿಗೆ ಪಿಟೀಲು ಕಲಿಸತೊಡಗಿದರು. ಆ ಮಕ್ಕಳ ವಾದನವನ್ನು ಕೇಳಲು ಪರದೇಶಗಳಿಂದಲೂ ಜನ ಬರುತ್ತಿದ್ದರು. ಆದರೆ ಅವರು ನುಡಿಸುತ್ತಿದ್ದುದು ಜಾಲಂಧ್ರದ ಮರೆಯಲ್ಲಿ. ನಾದವೇನೋ ಬೇಕಿತ್ತು, ಮುಖ ಬೇಕಿರಲಿಲ್ಲ. 1903ರಲ್ಲಿ ಜಗದ್ಗುರು ಹತ್ತನೇ ಪಯಸ್‌ರವರು ಸ್ತ್ರೀಯರನ್ನು ದೇವಾಲಯದ ಗಾನವೃಂದಕ್ಕೆ ಸೇರಿಸಲಾಗದೆಂದು ವಿಧಿಸಿದರು. 1955ರಲ್ಲಿ ಹನ್ನೆರಡನೇ ಪಯಸ್‌ರವರು, ಪೀಠದ ಆವರಣದ ಹೊರಗೆ ನಿಂತು ಹಾಡಲು ಅವರಿಗೂ ಅವಕಾಶವಿತ್ತರು. ಇಂದು ಹೆಣ್ಣುದನಿಯಿಲ್ಲದ ಭಾನುವಾರದ ಬಲಿಪೂಜೆಯನ್ನು ನಾವು ಊಹಿಸಲಾರೆವು.

ಮಗಳು ಪಿಟೀಲು ಮುಟ್ಟಬಾರದೆಂದು ಈಗ ನಮ್ಮ ಮನೆಗಳಲ್ಲಿ ಬಾಯಿಬಿಟ್ಟು ಹೇಳುವ ತಂದೆ ಅಪರೂಪ. ಅಡ್ಡಿ ಬೇರೊಂದು ವೇಷದಲ್ಲಿ ಬರುತ್ತದೆ. ಚಾಮರಾಜನಗರದಿಂದಾಗಲಿ ಗುಂಡ್ಲುಪೇಟೆಯಿಂದಾಗಲಿ ಮೈಸೂರು ಸುಮಾರು 60 ಕಿಲೋಮೀಟರು. ಗುರುವನ್ನರಸಿ ಅಲ್ಲಿಗೆ ಹೋಗಬೇಕೆಂದಾಗ ಮಗನನ್ನು ಬಸ್ಸು ಹತ್ತಿಸುತ್ತೇವೆ; ಮಗಳಿಗೆ ‘ಕತ್ತಲಾಗುತ್ತದೆ, ಮನೆಯಲ್ಲೇ ಕೀಬೋರ್ಡ್ ನುಡಿಸಿಕೊಂಡಿರು’ ಎನ್ನುತ್ತೇವೆ. ತಾಯಂದಿರ ಈ ಭಯವನ್ನು ಹಗುರವಾಗಿ ಕಾಣುವಂತಿಲ್ಲ, ಅದಕ್ಕೆ ಕಾರಣಗಳಿವೆ. ಆದರೆ ಅಣ್ಣ ಟ್ಯೂಷನ್ನಿನ ನೆಪದಲ್ಲಿ ಬಿಟ್ಟ ಪಿಟೀಲು ಪೆಟ್ಟಿಗೆಯಲ್ಲೇ ಧೂಳು ಹಿಡಿಯುತ್ತಿರುವಾಗ, ತಂಗಿಯ ಕೈಗೆ ಅದನ್ನು ಕೊಡಲು ನಮಗೇಕೆ ತೋಚುವುದಿಲ್ಲ? ಇದಕ್ಕೆ ಕತ್ತಲೆಯ ನೆಪವೂ ಇಲ್ಲವಲ್ಲ!

ಮಕ್ಕಳು ಹೋಗಲಾಗದಿದ್ದರೆ ಗುರುಗಳನ್ನೇ ಕರೆತರೋಣ. ಭಾನುವಾರ ಧರ್ಮೋಪದೇಶದ ತರಗತಿ ಮುಗಿದ ಬಳಿಕ ಧರ್ಮಕೇಂದ್ರದ ಒಂದು ಕೊಠಡಿ ಎರಡು ಗಂಟೆ ದೊರೆತರೆ ಸಾಕು. ಐದಾರು ಕುಟುಂಬಗಳು ಕೂಡಿ ಗುರುದಕ್ಷಿಣೆ, ಪ್ರಯಾಣದ ಖರ್ಚು ಹಂಚಿಕೊಳ್ಳಬಹುದು. ಪಾಲನಾ ಸಮಿತಿಗಳು ಮುಂದಿನ ಸಭೆಯಲ್ಲೇ ಇದನ್ನು ಚರ್ಚೆಗೆ ತರಲೆಂದು ವಿನಂತಿ. ಸಣ್ಣ ಮಕ್ಕಳಿಗೆ ಅರ್ಧ ಅಥವಾ ಮುಕ್ಕಾಲು ಅಳತೆಯ ಪಿಟೀಲು ಬೇಕು. ಮಗು ಬೆಳೆದಂತೆ ಅದು ಚಿಕ್ಕದಾಗಿಬಿಡುತ್ತದೆ. ಅಂಥವು ಯಾರ ಮನೆಯ ಅಟ್ಟದಲ್ಲಿದ್ದರೂ ದಯಮಾಡಿ ಕೆಳಗಿಳಿಸಿ, ತಂತಿ ಬದಲಿಸಿ ತನ್ನಿರಿ.