ಕೊಯ್ತ ಕಿರಿದಾದರೆ ಹೊಣೆ ಕಿರಿದಾಗದು

ಅಮೆರಿಕದಲ್ಲಿ ವೈದ್ಯ ಪದವಿಯೂ ರಾಜ್ಯದ ಪರವಾನಗಿಯೂ ಇದ್ದಮಾತ್ರಕ್ಕೆ ಶಸ್ತ್ರವೈದ್ಯರು ಆಸ್ಪತ್ರೆಯಲ್ಲಿ ಬೇಕಾದ ಶಸ್ತ್ರಚಿಕಿತ್ಸೆ ನಡೆಸುವಂತಿಲ್ಲ. ಇಂಥವರು ಇಂಥ ಚಿಕಿತ್ಸೆ ಮಾಡಬಹುದೆಂದು ಆಯಾ ಆಸ್ಪತ್ರೆ ಪರಿಶೀಲಿಸಿ ಕೊಡುವ ಅನುಮತಿಯನ್ನು ಅಲ್ಲಿ ಪ್ರಿವಿಲೇಜ್ ಎನ್ನುತ್ತಾರೆ. 2000ರ ದಶಕದ ಆರಂಭದಲ್ಲಿ ಸೊಂಟದ ಕೀಲು ಬದಲಾವಣೆಗೆ ಎರಡು ಪುಟ್ಟ ಕೊಯ್ತಗಳು ಸಾಕೆನ್ನುವ ವಿಧಾನ ಪ್ರಚಾರಕ್ಕೆ ಬಂದಾಗ, ಅದಕ್ಕೆ ಪ್ರತ್ಯೇಕ ಅನುಮತಿ ಬೇಕೇ ಎಂಬ ಪ್ರಶ್ನೆ ಎದ್ದಿತು. ಕೀಲು ಬದಲಿಸಲು ಈಗಾಗಲೇ ಅನುಮತಿ ಪಡೆದವರಿಗೆ ಮತ್ತೊಂದೇಕೆ, ಕಡಿಮೆಯಾದದ್ದು ಕೊಯ್ತದ ಉದ್ದವಷ್ಟೇ ಅಲ್ಲವೇ ಎಂಬ ವಾದ ಕೇಳಲು ಸರಳವಾದರೂ ಪೊಳ್ಳು.

ಉದ್ದದ ಜೊತೆಗೆ ವೈದ್ಯರ ನೋಟವೂ ಕಿರಿದಾಗುತ್ತದೆ. ತೆರೆದ ವಿಧಾನದಲ್ಲಿ ಕಣ್ಣಿಗೆ ಬೀಳುವ ಕೀಲಿನ ಬಟ್ಟಲು, ಮೂಳೆ, ಸ್ನಾಯುಗಳು ಇಲ್ಲಿ ಬಹುಮಟ್ಟಿಗೆ ಮರೆಯಾಗಿರುವುದರಿಂದ, ಫ್ಲೋರೋಸ್ಕೋಪಿ, ಅಂದರೆ ಚಲಿಸುವ ಎಕ್ಸ್‌ರೇ ಬಿಂಬವನ್ನು ನಂಬಿ ತೊಡೆಮೂಳೆಯೊಳಗೆ ಲೋಹದ ದಂಡವನ್ನು ಕೂರಿಸಬೇಕಾಗುತ್ತದೆ. ಅಂದಾಜು ತಪ್ಪಿದರೆ ಮೂಳೆ ಬಿರಿಯಬಹುದು, ನರಕ್ಕೆ ಪೆಟ್ಟಾಗಬಹುದು. ಮೇಯೊ ಕ್ಲಿನಿಕ್‌ನಂಥ ಹೆಸರಾಂತ ಸಂಸ್ಥೆಯಿಂದಲೇ 2005ರಲ್ಲಿ ಹೊರಬಂದ ವರದಿ ಈ ವಿಧಾನದ ಗಂಭೀರ ತೊಡಕುಗಳನ್ನು ದಾಖಲಿಸಿರುವಾಗ, ಅಪರೂಪಕ್ಕೊಮ್ಮೆ ಕೀಲು ಬದಲಿಸುವವರು ಕೃತಕ ಕೀಲು ತಯಾರಿಸುವ ಕಂಪನಿಯ ಶಿಬಿರದಲ್ಲಿ ಶವದ ಮೇಲೆ ಅಭ್ಯಾಸ ಮಾಡಿ ತಂದ ಪ್ರಮಾಣಪತ್ರವನ್ನು ಅರ್ಹತೆಯೆಂದು ಒಪ್ಪುವುದು ಹೇಗೆ?

ಆಧುನಿಕ ಕೀಲು ಬದಲಾವಣೆಯ ಪ್ರವರ್ತಕರಾದ ಇಂಗ್ಲೆಂಡಿನ ಜಾನ್ ಚಾರ್ನ್‌ಲಿ, 1960ರ ದಶಕದಲ್ಲಿ, ತಮ್ಮ ರೈಟಿಂಗ್ಟನ್ ಆಸ್ಪತ್ರೆಗೆ ಬಂದು ಕಲಿತವರಿಗೆ ಮಾತ್ರ ತಮ್ಮ ಕೃತಕ ಕೀಲನ್ನು ಮಾರಬೇಕೆಂದು ತಯಾರಕರಿಗೆ ಕಟ್ಟುಪಾಡು ಹಾಕಿದ್ದರು. ಅಂದು ಮಾರಾಟಕ್ಕೆ ಕಲಿಕೆಯೇ ಷರತ್ತಾಗಿತ್ತು. ನಾಲ್ಕು ದಶಕಗಳಲ್ಲಿ ಕಲಿಕೆಯೇ ಮಾರಾಟದ ಅಂಗವಾಯಿತು. ಪಾಠ ಕಲಿಯಲು ಉದಾಹರಣೆಗೂ ಕೊರತೆಯಿರಲಿಲ್ಲ: ಪಿತ್ತಕೋಶವನ್ನು ಲ್ಯಾಪರೋಸ್ಕೋಪಿಯಿಂದ, ಅಂದರೆ ಸಣ್ಣ ರಂಧ್ರಗಳ ಮೂಲಕ, ತೆಗೆಯುವ ಹುಮ್ಮಸ್ಸಿನಲ್ಲಿ ಪಿತ್ತನಾಳಗಳು ತುಂಡಾದ ಪ್ರಕರಣಗಳು ಹೆಚ್ಚಿದಾಗ, 1992ರಲ್ಲಿ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯೇ ಮುಂದೆ ಬಂದು, ಮೇಲ್ವಿಚಾರಣೆಯಲ್ಲಿ ನಡೆಸಿದ ಶಸ್ತ್ರಚಿಕಿತ್ಸೆಗಳಿಲ್ಲದೆ ಅನುಮತಿ ಸಲ್ಲದೆಂದು ಸೂಚಿಸಬೇಕಾಯಿತು.

ಕಠಿಣ ನಿಯಮ ಬಂದರೆ ಸಣ್ಣ ಊರುಗಳ ರೋಗಿಗಳು ದೂರದ ಆಸ್ಪತ್ರೆಗೆ ಅಲೆಯಬೇಕಾಗುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಹಳೆಯ, ತೆರೆದ ವಿಧಾನ ಅಲ್ಲಿಯೂ ಲಭ್ಯವಿದ್ದು, ಅದರ ದೀರ್ಘಕಾಲದ ಫಲಿತಾಂಶ ಉತ್ತಮವೆಂದು ಸಾಬೀತಾಗಿರುವುದರಿಂದ, ರೋಗಿ ಕಳೆದುಕೊಳ್ಳುವುದು ಅಷ್ಟೇನೂ ಇಲ್ಲ. ವೈದ್ಯರ ಮೇಲಿನ ನಿಗಾ ಆಸ್ಪತ್ರೆಯದೂ ಹೊಣೆಯೆಂದು ಇಲಿನಾಯ್ ರಾಜ್ಯದ ಸುಪ್ರೀಂ ಕೋರ್ಟ್ 1965ರ ಡಾರ್ಲಿಂಗ್ ಪ್ರಕರಣದಲ್ಲೇ ಎತ್ತಿಹಿಡಿದಿದೆ. ಹೊಸ ವಿಧಾನದ ಜಾಹೀರಾತಿನಿಂದ ಲಾಭ ಪಡೆಯುವ ಆಸ್ಪತ್ರೆಗಳು, ಹೊರಗಿನ ಅನುಭವಿ ತಜ್ಞರು ವೈದ್ಯರ ಮೊದಲ ಶಸ್ತ್ರಚಿಕಿತ್ಸೆಗಳನ್ನು ಪಕ್ಕದಲ್ಲಿ ನಿಂತು ನೋಡಿ ಒಪ್ಪುವವರೆಗೆ ಅನುಮತಿಯನ್ನು ತಾತ್ಕಾಲಿಕವಾಗಿಯೇ ಇಡಬೇಕು. ವೈದ್ಯರು ಈ ವಿಧಾನದಲ್ಲಿ ಅದುವರೆಗೆ ಎಷ್ಟು ಕೀಲು ಬದಲಿಸಿದ್ದಾರೆಂಬುದನ್ನು ರೋಗಿಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನವೇ ತಿಳಿಸಬೇಕು.