ಶಕ್ತಿನಗರದ ಬೂದಿಯಲ್ಲಿ ಲೋಹ ಹುಡುಕಬೇಕೆ?

ಪರ

ರಾಯಚೂರು ಬಳಿಯ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ನಮ್ಮ ದೇಶದ ಇದ್ದಲು ನೂರು ಕಿಲೋ ಉರಿದರೆ ಮೂವತ್ತು ನಲವತ್ತು ಕಿಲೋ ಬೂದಿಯೇ ಉಳಿಯುತ್ತದೆ. ಇಂಗಾಲ ಹೊಗೆಯಾಗಿ ಹೋಯಿತು, ಸರಿ. ಅಲ್ಯೂಮಿನಿಯಂ, ಕಬ್ಬಿಣ, ಗ್ಯಾಲಿಯಂ, ವಿರಳ ಭೂಲೋಹಗಳು ಎಲ್ಲಿ ಹೋದಾವು? ಇದ್ದಲಿನಲ್ಲಿ ಇದ್ದುದಕ್ಕಿಂತ ದಟ್ಟವಾಗಿ ಬೂದಿಯಲ್ಲೇ ಕೂತಿವೆ. ಬೆಟ್ಟ ಅಗೆಯದೆ, ಕಾಡು ಕಡಿಯದೆ ಸಿಕ್ಕ ಪುಡಿ ಅದಿರು ಇದು.

2023ರ ಆಗಸ್ಟ್‌ನಿಂದ ಚೀನಾ ಗ್ಯಾಲಿಯಂ, ಜರ್ಮೇನಿಯಂ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಅಲ್ಲಿನ ಜರ್ಮೇನಿಯಂನಲ್ಲಿ ಒಂದು ಪಾಲು ಬರುವುದು ಯುನಾನ್ ಪ್ರಾಂತ್ಯದ ಇದ್ದಲು ಬೂದಿಯಿಂದ. ನಾವೋ ಬೂದಿಯನ್ನು ಸಿಮೆಂಟಿಗೆ ಸುರಿಯುತ್ತಿದ್ದೇವೆ. ಒಮ್ಮೆ ಕಾಂಕ್ರೀಟಾದ ಲೋಹ ಮತ್ತೆ ಕೈಗೆ ಬಾರದು. ಲೋಹಕ್ಕಾಗಿ ಬೂದಿ ತೊಳೆದರೆ, ಅಂತರ್ಜಲಕ್ಕೆ ಇಳಿಯಬಹುದಾದ ಆರ್ಸೆನಿಕ್ ಕೂಡ ಹಿಡಿತಕ್ಕೆ ಬರುತ್ತದೆ. ಸ್ಥಾವರದ ಬೂದಿ ಹೊಂಡದಲ್ಲಿರುವ ಹಳೆಯ ಬೂದಿಯಲ್ಲಾದರೂ ಈ ಕೆಲಸ ಶುರುವಾಗಲಿ.

ವಿರೋಧ

ಯುನಾನ್ ಲೆಕ್ಕ ಇಲ್ಲಿಗೆ ಹೊಂದದು. ಜರ್ಮೇನಿಯಂ ಅಷ್ಟು ತುಂಬಿದ ಇದ್ದಲು ಜಗತ್ತಿನಲ್ಲಿ ಬೆರಳೆಣಿಕೆಯ ಕಡೆ ಮಾತ್ರ ಇದೆ. ಸಾಮಾನ್ಯ ಹಾರುಬೂದಿಯ ಒಂದು ಟನ್ನಿನಲ್ಲಿ ವಿರಳ ಭೂಲೋಹಗಳೆಲ್ಲ ಸೇರಿದರೂ ಅರ್ಧ ಕಿಲೋದ ಆಸುಪಾಸು. ಅದರಲ್ಲೂ ಬಹುಪಾಲು ಕುಲುಮೆಯಲ್ಲಿ ಕರಗಿ, ಹೊರಬರುತ್ತಲೇ ಗಟ್ಟಿಯಾದ ಸಣ್ಣ ಗಾಜಿನ ಗುಂಡುಗಳೊಳಗೆ ಸಿಕ್ಕಿಕೊಂಡಿರುತ್ತದೆ. ಗಾಜು ಒಡೆಯಲು ಕಾಸ್ಟಿಕ್ ಸೋಡಾ ಬೆರೆಸಿ ಕಾಯಿಸಬೇಕು, ಆಮೇಲೆ ಆಮ್ಲದಲ್ಲಿ ಕರಗಿಸಬೇಕು. ಒಣ ಬೂದಿಯನ್ನು ಸಿಮೆಂಟಿನವರು, ಇಟ್ಟಿಗೆಯವರು ಒಯ್ಯುತ್ತಾರೆ. ಆಮ್ಲದಲ್ಲಿ ನೆಂದ ಈ ರಾಡಿಯನ್ನು ಯಾರು ಒಯ್ದಾರು? ಸುಣ್ಣಕಲ್ಲು ಬೆರೆಸಿ ಸುಟ್ಟು ಅಲ್ಯೂಮಿನಾ ತೆಗೆಯುವ ದಾರಿಯಲ್ಲಂತೂ ತೆಗೆದುದಕ್ಕಿಂತ ಹಲವು ಪಟ್ಟು ಕಸ ಬೀಳುತ್ತದೆ. ಆ ಕಸ ನದಿಗೆ ಇಳಿಯುವ ಭಯವೂ ಇದೆ: ಶಕ್ತಿನಗರ ಇರುವುದು ಕೃಷ್ಣೆಯ ದಂಡೆಯಲ್ಲಿ.

ಲೋಹಕ್ಕಿಂತ ಮೊದಲು ನೋಡಬೇಕಾದುದು ಹೊಂಡದ ಸುರಕ್ಷತೆ. ಮಧ್ಯಪ್ರದೇಶದ ಸಾಸನ್‌ನಲ್ಲಿ 2020ರ ಏಪ್ರಿಲ್‌ನಲ್ಲಿ ಬೂದಿ ಹೊಂಡದ ಒಡ್ಡು ಒಡೆದು ಆರು ಜನ ಸತ್ತರು. ಒಡ್ಡು ಗಟ್ಟಿ ಮಾಡುವುದು, ತಳಕ್ಕೆ ನೀರು ಇಂಗದ ಹಾಳೆ ಹಾಸುವುದು, ಬೇಸಿಗೆಯ ಗಾಳಿಗೆ ಬೂದಿ ಏಳದಂತೆ ನೀರು ಚಿಮುಕಿಸುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಹಳೆಯ ಬೂದಿಯನ್ನು ಹತ್ತು ವರ್ಷದೊಳಗೆ ಬಳಸಿ ಮುಗಿಸಬೇಕೆಂದು 2021ರ ಡಿಸೆಂಬರ್ 31ರ ಕೇಂದ್ರ ಅಧಿಸೂಚನೆಯೇ ಹೇಳಿದೆ. ಪ್ರಯೋಗಾಲಯದಲ್ಲಿ ಪರೀಕ್ಷೆ ನಡೆಯಲಿ, ಬೇಡವೆನ್ನುವುದಿಲ್ಲ. ಆದರೆ ಮುಂದೆಂದೋ ಲೋಹ ಸಿಕ್ಕೀತೆಂದು ಹೊಂಡವನ್ನು ಕಾದಿಟ್ಟರೆ, ಅಷ್ಟು ವರ್ಷವೂ ಆ ಬೂದಿಯನ್ನು ಉಸಿರಾಡುವವರು ಪಕ್ಕದ ಹಳ್ಳಿಯವರು.